ಕಸಿಯಾದ ಕಣ್ಣಿಗೂ ಕನ್ನಡಕವೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡರು. ಆ ದುಃಖದ ನಡುವೆಯೂ ಮನೆಯವರು ಅವರ ಕಣ್ಣುಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ದಾನವಾಗಿ ಕೊಟ್ಟರು. ಮರುದಿನ ಆ ಎರಡು ಕಣ್ಣುಗಳು ಮೂವರು ಗಂಡಸರು ಮತ್ತು ಒಬ್ಬ ಹೆಂಗಸು, ಒಟ್ಟು ನಾಲ್ವರಿಗೆ ಉಪಯೋಗವಾದವು. ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಅಂದು ಬಹಳ ಜನ ಕೇಳಿದ್ದುಂಟು. ಡಾ. ಭುಜಂಗ ಶೆಟ್ಟಿ ಅವರ ತಂಡ ಪ್ರತಿಯೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಎರಡಾಗಿ ಬಿಡಿಸಿತ್ತು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂಪದರ, ಒಳಭಾಗ ಕೆಟ್ಟಿದ್ದ ಇಬ್ಬರಿಗೆ ಹಿಂಪದರ.

ರಾಜ್‌ಕುಮಾರ್ ಮನೆತನದ ಮೂಲ ಊರಾದ ಗಾಜನೂರು ಇರುವುದು ಚಾಮರಾಜನಗರದ ಗಡಿಗೆ ಅಂಟಿಕೊಂಡ ತಾಳವಾಡಿ ಸೀಮೆಯಲ್ಲಿ. 1994ರಲ್ಲಿ ಡಾ. ರಾಜ್‌ಕುಮಾರ್ ತಮ್ಮ ಹೆಸರಿನ ನೇತ್ರ ಬ್ಯಾಂಕನ್ನು ತಾವೇ ಉದ್ಘಾಟಿಸಿದ್ದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. ಮಗನ ಸಾವಿನ ನಂತರವಂತೂ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲೇ ಹತ್ತಿತು. ದಾನದ ಕಥೆ ಹೀಗೆ ಮನೆಮನೆಗೂ ಗೊತ್ತಾಗಿದೆ. ದಾನ ಪಡೆದ ಕಣ್ಣು ಆಮೇಲೆ ಏನಾಗುತ್ತದೆ ಎಂಬ ಕಥೆ ಮಾತ್ರ ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಮೊದಲು ಕಾರ್ನಿಯಾ ಎಂದರೇನು ಎಂಬುದು ಗೊತ್ತಿರಬೇಕು. ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪೊರೆ ಅದು. ಅಗಲ ಹನ್ನೆರಡು ಮಿಲಿಮೀಟರಿಗೂ ತುಸು ಕಡಿಮೆ, ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ರಕ್ತನಾಳವೇ ಇಲ್ಲ. ಬೇಕಾದ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಹೀರುತ್ತದೆ. ರಕ್ತದ ಗುಂಪು ನೋಡದೆಯೇ ಸಾಮಾನ್ಯವಾಗಿ ಒಬ್ಬರ ಕಾರ್ನಿಯಾವನ್ನು ಇನ್ನೊಬ್ಬರಿಗೆ ಹಾಕಲು ಸಾಧ್ಯವಾಗಿರುವುದು ಇದರಿಂದ. ಅದೇ ಕಾರಣಕ್ಕೆ ಅದರ ಗಾಯ ಮಾಯುವುದೂ ಬಹಳ ನಿಧಾನ.

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಉಡಿಗಾಲದಂಥ ಊರಿನಲ್ಲಿ ಕಾರ್ನಿಯಾ ಕೆಡುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಕಬ್ಬಿನ ಗರಿ ಕಣ್ಣಿಗೆ ಬಡಿಯುತ್ತದೆ, ಒಕ್ಕಣೆಯಲ್ಲಿ ಹೊಟ್ಟು ಹಾರುತ್ತದೆ, ಮುಳ್ಳು ತರಚುತ್ತದೆ. ಗಿಡದ ಚೂರಿನ ಜೊತೆ ಬೂಸ್ಟು ಒಳಗೆ ಸೇರಿದರೆ ಹುಣ್ಣಾಗುತ್ತದೆ. ಹರಳೆಣ್ಣೆ, ಸೊಪ್ಪಿನ ರಸ ಹಾಕಿ ನಾಲ್ಕು ದಿನ ಕಳೆದರೆ ಹುಣ್ಣು ಆಳಕ್ಕಿಳಿದು ಬಿಳಿ ಕಲೆ ಉಳಿಯುತ್ತದೆ. ‘ಕಣ್ಣಿಗೆ ಹೂವು ಬಿತ್ತು’ ಎಂದು ಹಳ್ಳಿಗಳಲ್ಲಿ ಹೇಳುವುದು ಇದನ್ನೇ. ವಯಸ್ಸಾದವರಿಗೆ ಬರುವ ಪೊರೆ ಬೇರೆ. ಅದು ಕಣ್ಣಿನ ಒಳಗಿನ ಮಸೂರದ್ದು. ಇನ್ನೊಂದು ಕಾಯಿಲೆ ಹೈಸ್ಕೂಲು, ಕಾಲೇಜಿನ ವಯಸ್ಸಿನಲ್ಲೇ ಶುರುವಾಗುತ್ತದೆ. ಕಾರ್ನಿಯಾ ತೆಳುವಾಗುತ್ತ ಗೋಪುರದಂತೆ ಮುಂದಕ್ಕೆ ಉಬ್ಬುವ ಈ ಕಾಯಿಲೆಗೆ ಕೆರಟೊಕೋನಸ್ ಎಂದು ಹೆಸರು.

ಹೂವು ಬಿದ್ದ ಅಥವಾ ತೀರಾ ಉಬ್ಬಿದ ಕಾರ್ನಿಯಾದ ನಡುಭಾಗವನ್ನು ಏಳೆಂಟು ಮಿಲಿಮೀಟರ್ ಅಗಲದ ಬಿಲ್ಲೆಯಾಗಿ ಕೊರೆದು ತೆಗೆದು, ಅಷ್ಟೇ ಅಗಲದ ದಾನಿಯ ಬಿಲ್ಲೆಯನ್ನು ಕೂದಲಿಗಿಂತ ಸಣ್ಣ ನೈಲಾನ್ ದಾರದಿಂದ ಹೊಲಿಯುವುದೇ ಕಾರ್ನಿಯಾ ಕಸಿ. ಮನುಷ್ಯನ ಮೇಲೆ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದವರು ಎಡ್ವರ್ಡ್ ಜಿರ್ಮ್. ಈಗ ಚೆಕ್ ದೇಶಕ್ಕೆ ಸೇರಿರುವ ಓಲೊಮೌಟ್ಸ್ ಎಂಬ ಊರಿನಲ್ಲಿ, 1905ರ ಡಿಸೆಂಬರ್ 7ರಂದು. ರೋಗಿ ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯಾಳು.

ಕಸಿ ಆಯಿತು, ಪಟ್ಟಿ ಬಿಚ್ಚಿದರು, ಬೆಳಕು ಕಂಡಿತು. ಸಿನಿಮಾದಲ್ಲಾದರೆ ಅಲ್ಲಿಗೆ ಮುಗಿಯಿತು. ಆದರೆ ಉಡಿಗಾಲದ ಒಬ್ಬ ಡಿಗ್ರಿ ಓದುವ ಹುಡುಗ ಇಂಥ ಕಸಿ ಮಾಡಿಸಿಕೊಂಡ ಎಂದು ಇಟ್ಟುಕೊಳ್ಳಿ. ಎರಡು ವರ್ಷ ಕಳೆದಿದೆ, ಕಣ್ಣು ಗಾಜಿನಂತೆ ತಿಳಿಯಾಗಿದೆ. ಆದರೂ ಆ ಒಂದೇ ಕಣ್ಣಿನಿಂದ ನೋಡಿದರೆ ಬಸ್ಸಿನ ಬೋರ್ಡು ಕಾಣುವುದಿಲ್ಲ. ಪರೀಕ್ಷೆ ಮಾಡಿದವರು ‘ಮೈನಸ್ ಐದು, ಸಿಲಿಂಡರ್ ನಾಲ್ಕು’ ಎಂದು ಚೀಟಿ ಬರೆದುಕೊಡುತ್ತಾರೆ. ಮನೆಯವರಿಗೆ ಆಪರೇಷನ್ನೇ ಕೆಟ್ಟಿತೆಂಬ ಚಿಂತೆ. ಕೆಟ್ಟಿಲ್ಲ. ಕಸಿಯ ಕೆಲಸ ಬೆಳಕಿನ ದಾರಿಯನ್ನು ತಿಳಿ ಮಾಡುವುದು. ಆ ಬೆಳಕು ಎಲ್ಲಿ ಕೂಡುತ್ತದೆ ಎಂಬುದು ಬೇರೆ ಲೆಕ್ಕ.

ಆ ಲೆಕ್ಕ ಹತ್ತನೇ ತರಗತಿಯವರಿಗೂ ಸಿಗುವಂಥದ್ದು. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಕಾರ್ನಿಯಾದ್ದೇ. ಒಳಗಿನ ಮಸೂರದ್ದು ಉಳಿದ ಪಾಲು ಮಾತ್ರ. ಕಾರ್ನಿಯಾದ ಸಾಮರ್ಥ್ಯ ತಿಳಿಯಲು ಕಣ್ಣಿನ ವೈದ್ಯರು ಬಳಸುವ ಒಂದು ಸುಲಭ ಸೂತ್ರವಿದೆ: 337.5ನ್ನು ಕಾರ್ನಿಯಾದ ವಕ್ರತಾ ತ್ರಿಜ್ಯದಿಂದ ಭಾಗಿಸಿ. ತ್ರಿಜ್ಯ 7.8 ಮಿಲಿಮೀಟರ್ ಇದ್ದರೆ ಉತ್ತರ 43.3. ಹೊಲಿದ ಮೇಲೆ ಬಿಲ್ಲೆ ತುಸು ಹೆಚ್ಚು ಬಾಗಿ ತ್ರಿಜ್ಯ 7.3 ಆಯಿತೆನ್ನಿ. ಆಗ ಉತ್ತರ 46.2. ತ್ರಿಜ್ಯದಲ್ಲಿ ಆದ ಬದಲಾವಣೆ ಅರ್ಧ ಮಿಲಿಮೀಟರ್, ಕಣ್ಣಿಗೆ ಬಂದದ್ದು ಹತ್ತಿರ ಹತ್ತಿರ ಮೂರು ಡಯಾಪ್ಟರ್ ಸಮೀಪದೃಷ್ಟಿ! ಬೆಳಕಿನ ಕಿರಣಗಳು ಅಕ್ಷಿಪಟಲದ ಮೇಲೆ ಕೂಡುವ ಬದಲು ಅದರ ಮುಂದೆಯೇ ಕೂಡುತ್ತವೆ. ಮೂರು ಡಯಾಪ್ಟರ್ ಎಂದರೆ ಆ ಕಣ್ಣಿಗೆ ಮೂವತ್ತಮೂರು ಸೆಂಟಿಮೀಟರಿನ ಆಚೆಗಿನದೆಲ್ಲ ಮಸುಕು. ಕೈಯಲ್ಲಿರುವ ಪುಸ್ತಕ ಕಾಣುತ್ತದೆ, ಕರಿಹಲಗೆ ಕಾಣುವುದಿಲ್ಲ.

ಕೈಯಿಂದ ಹೊಲಿಯುವ ಕೆಲಸದಲ್ಲಿ ಅರ್ಧ ಮಿಲಿಮೀಟರ್ ಎಷ್ಟರ ಮಾತು? ದಾನಿಯ ಬಿಲ್ಲೆಯನ್ನು ಕಾಲು ಮಿಲಿಮೀಟರ್ ದೊಡ್ಡದಾಗಿ ಕೊರೆಯುವುದೂ ರೂಢಿ. ಅಷ್ಟು ದೊಡ್ಡದಾದರೂ ಮೈನಸ್ ಹೆಚ್ಚುತ್ತದೆ. ಇನ್ನು ಹೊಲಿಗೆಗಳು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಕಾರ್ನಿಯಾ ಚೆಂಡಿನ ಮೈಯಂತಿರದೆ ಚಮಚದ ಬೆನ್ನಿನಂತಾಗುತ್ತದೆ. ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು. ಇದೇ ಚೀಟಿಯಲ್ಲಿ ಬರುವ ಸಿಲಿಂಡರ್. ಕಸಿಯ ನಂತರ ಮೂರು ನಾಲ್ಕು ಡಯಾಪ್ಟರ್ ಸಿಲಿಂಡರ್ ಉಳಿಯುವುದು ಸಾಮಾನ್ಯ ಸಂಗತಿ. ಕೇವಲ ಹಿಂಪದರವನ್ನು ಬದಲಿಸಿದವರಿಗೆ ಈ ತಾಪತ್ರಯ ಅಷ್ಟಾಗಿ ಇರದು, ಏಕೆಂದರೆ ಮುಂದಿನ ಬಾಗು ಅವರದೇ ಆಗಿ ಉಳಿದಿರುತ್ತದೆ.

ಈಗ ಆ ಹುಡುಗನ ಕಷ್ಟಕ್ಕೆ ಬರಬಹುದು. ಮೈನಸ್ ಐದಕ್ಕೆ ಕನ್ನಡಕ ಹಾಕಿದರಾಯಿತಲ್ಲ ಎನ್ನುತ್ತಾರೆ ನೆಂಟರು. ಆದರೆ ಅವನ ಇನ್ನೊಂದು ಕಣ್ಣು ಚೆನ್ನಾಗಿದೆ, ಪವರೇ ಇಲ್ಲ. ಒಂದು ಕಡೆ ಬರೀ ಗಾಜು, ಇನ್ನೊಂದು ಕಡೆ ಮೈನಸ್ ಐದರ ನಿಮ್ನ ಮಸೂರ ಇರುವ ಕನ್ನಡಕ ಹಾಕಿಕೊಂಡರೆ, ಎರಡು ಕಣ್ಣಿಗೂ ಕಾಣುವ ಬಿಂಬದ ಗಾತ್ರವೇ ಬೇರೆಯಾಗುತ್ತದೆ. ಮಿದುಳು ಎರಡನ್ನೂ ಒಂದಾಗಿ ಕೂಡಿಸಲಾರದು. ತಲೆ ಸುತ್ತುತ್ತದೆ, ಮೆಟ್ಟಿಲು ಎಡವುತ್ತದೆ. ಎರಡು ಕಣ್ಣಿನ ನಡುವೆ ಮೂರು ಡಯಾಪ್ಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕನ್ನಡಕ ತಡೆದುಕೊಳ್ಳುವುದು ಬಹಳ ಜನಕ್ಕೆ ಕಷ್ಟ. ಹಾಗಾಗಿ ಅವನು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು ಒಂದೇ ಕಣ್ಣಿನಲ್ಲಿ ಕಾಲ ಹಾಕುತ್ತಾನೆ. ದಾನಿಯ ಕಾರ್ನಿಯಾ ತಿಳಿಯಾಗಿದ್ದೂ ಕೆಲಸಕ್ಕೆ ಬಾರದಂತಾಗುತ್ತದೆ.

ಇದಕ್ಕೆ ಮೊದಲ ಉಪಾಯ ಗಟ್ಟಿ ಜಾತಿಯ ಕಾಂಟ್ಯಾಕ್ಟ್ ಲೆನ್ಸು. ಅದು ಕಣ್ಣಿಗೇ ಅಂಟಿ ಕೂರುವುದರಿಂದ ಬಿಂಬದ ಗಾತ್ರದ ತಕರಾರು ಬಹುಮಟ್ಟಿಗೆ ತಪ್ಪುತ್ತದೆ, ಅಂಕುಡೊಂಕಾದ ಮೈಯನ್ನೂ ಮುಚ್ಚುತ್ತದೆ. ಆದರೆ ದೂಳು, ಬಿಸಿಲು, ಹೊಲದ ಕೆಲಸ, ಶುದ್ಧ ದ್ರಾವಣದಲ್ಲೇ ತೊಳೆಯಬೇಕೆಂಬ ಕಟ್ಟುಪಾಡು, ಇವೆಲ್ಲದರ ನಡುವೆ ಹಳ್ಳಿಯ ಹುಡುಗನಿಗೆ ದಿನವೂ ಅದನ್ನು ನಿಭಾಯಿಸುವುದು ಸುಲಭವಲ್ಲ. ಲೇಸರಿನ ಮಾತು ಬರುವುದು ಇಲ್ಲಿ. ಪೇಟೆಯ ಜಾಹೀರಾತುಗಳಲ್ಲಿ ಲೇಸರ್ ಎಂದರೆ ಕನ್ನಡಕಕ್ಕೆ ವಿದಾಯ. ಕಸಿಯಾದ ಕಣ್ಣಿನಲ್ಲಿ ಅದರ ಗುರಿ ಬೇರೆ: ಕನ್ನಡಕ ಕಳಚುವುದಲ್ಲ, ಕನ್ನಡಕ ಹಾಕಿಕೊಳ್ಳುವಂತೆ ಮಾಡುವುದು. ಮೈನಸ್ ಐದು ಇದ್ದದ್ದು ಒಂದೂವರೆಗೆ ಇಳಿದರೆ ಎರಡು ಕಣ್ಣೂ ಜೊತೆಯಾಗಿ ಕೆಲಸ ಮಾಡಲು ಸಾಧ್ಯ. ವೈದ್ಯರ ದೃಷ್ಟಿಯಲ್ಲಿ ಅದು ಗೆಲುವು. ಸೊನ್ನೆಯೇ ಬೇಕೆಂದು ಹೋದವರಿಗೆ ಅದೇ ಸೋಲಿನಂತೆ ಕಂಡೀತು.

ಈ ಲೇಸರಿನ ಹಿಂದೆ ಒಬ್ಬ ಭಾರತೀಯ ಸಂಜಾತರಿದ್ದಾರೆ. ಮದರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಐಬಿಎಂ ಕಂಪನಿಯ ಸಂಶೋಧನಾಲಯದಲ್ಲಿದ್ದರು. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರುಗಳನ್ನು ಪ್ರಯೋಗಾಲಯಕ್ಕೆ ತಂದು ಎಕ್ಸೈಮರ್ ಲೇಸರ್ ಹಾಯಿಸಿದರು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆಗಾರರು. ಬೇರೆ ಲೇಸರಿನಿಂದ ಮಾಂಸ ಸುಟ್ಟು ಕರಕಲಾಯಿತು. ಇದು ಮಾತ್ರ ಸುತ್ತ ಸ್ವಲ್ಪವೂ ಸುಡದೆ ಅಚ್ಚುಕಟ್ಟಾಗಿ ಕೊರೆಯಿತು. ಇದರ ತರಂಗಾಂತರ 193 ನ್ಯಾನೊಮೀಟರ್, ಅತಿನೇರಳೆ ಬೆಳಕು. ಅದರ ಒಂದೊಂದು ಫೋಟಾನಿಗೂ ಅಣುಗಳ ನಡುವಿನ ಬಂಧವನ್ನೇ ಕಡಿಯುವಷ್ಟು ಶಕ್ತಿಯಿದೆ. ಕಡಿದ ಚೂರು ಆವಿಯಂತೆ ಹಾರಿಹೋಗುತ್ತದೆ, ಬಿಸಿ ಕೆಳಗಿನ ಪದರಕ್ಕೆ ಇಳಿಯುವುದೇ ಇಲ್ಲ. 1983ರಲ್ಲಿ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕಲ್ ಶ್ರೀನಿವಾಸನ್ ಅವರೊಂದಿಗೆ ಸೇರಿ ಇದನ್ನು ಕಾರ್ನಿಯಾದ ಮೇಲೆ ಪರೀಕ್ಷಿಸಿದ ವರದಿ ಪ್ರಕಟಿಸಿದರು.

ಒಂದು ಮಿಡಿತಕ್ಕೆ ಈ ಲೇಸರ್ ತೆಗೆಯುವುದು ಸುಮಾರು ಕಾಲು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಮೀಪದೃಷ್ಟಿಯನ್ನು ಇಳಿಸಲು ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡಬೇಕು. ಎಷ್ಟು ಕೊರೆಯಬೇಕೆಂಬುದಕ್ಕೆ ಮನ್ನರ್ಲಿನ್ ಎಂಬ ತಂತ್ರಜ್ಞ ಕೊಟ್ಟ ಸೂತ್ರವಿದೆ. ಕೊರೆಯುವ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಬರೆದು ವರ್ಗ ಮಾಡಿ, ಡಯಾಪ್ಟರಿನಿಂದ ಗುಣಿಸಿ, ಮೂರರಿಂದ ಭಾಗಿಸಿ, ಉತ್ತರ ಮೈಕ್ರಾನಿನಲ್ಲಿ. ಆರು ಮಿಲಿಮೀಟರ್ ವೃತ್ತದಲ್ಲಿ ಮೂರು ಡಯಾಪ್ಟರ್ ಇಳಿಸಲು 36 ಗುಣಿಸು 3, ಭಾಗಿಸು 3, ಅಂದರೆ 36 ಮೈಕ್ರಾನ್. ನೋಟ್‌ಬುಕ್ಕಿನ ಒಂದು ಹಾಳೆಯ ಸುಮಾರು ಅರ್ಧ ದಪ್ಪ! ಇಷ್ಟು ಸಣ್ಣ ಸಂಗತಿಯಿಂದ ಬಸ್ಸಿನ ಬೋರ್ಡು ಸ್ಪಷ್ಟವಾಗುತ್ತದೆ ಎಂಬುದು ಸೋಜಿಗವೇ ಸರಿ.

ಆದರೆ ಈ ಸೂತ್ರ ನೆಟ್ಟಗಿರುವ ಕಾರ್ನಿಯಾಕ್ಕೆ ಬರೆದದ್ದು. ಕಸಿಯಾದದ್ದು ಹೊಲಿದು ಸೇರಿಸಿದ ಅಂಗಾಂಶ. ಅಲ್ಲಿ ಸೂತ್ರದ ಉತ್ತರ ಬರಬೇಕಾದಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಇನ್ನೂ ಹೊಲಿಗೆ ಇರುವಾಗ ಲೇಸರ್ ಮಾಡುವುದಂತೂ ವ್ಯರ್ಥ, ಏಕೆಂದರೆ ಹೊಲಿಗೆ ತೆಗೆದಾಗ ಬಾಗು ಮತ್ತೆ ಬದಲಾಗುತ್ತದೆ. ಹೊಲಿಗೆಗಳನ್ನು ಪೂರ್ತಿ ತೆಗೆಯಲು ವರ್ಷ, ಒಂದೂವರೆ ವರ್ಷ ಹಿಡಿಯುವುದುಂಟು. ಆಮೇಲೂ ಕೆಲವು ತಿಂಗಳು ಕಾದು, ಬೇರೆ ಬೇರೆ ದಿನ ಅಳತೆ ಮಾಡಿದಾಗ ಒಂದೇ ಪವರ್ ಬಂದರೆ ಮಾತ್ರ ಮುಂದಿನ ಯೋಚನೆ.

ಲೇಸರಿನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲಿಂದ ತೆಳುವಾದ ಮುಚ್ಚಳವೊಂದನ್ನು ಎಬ್ಬಿಸಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ನೋವು ಕಡಿಮೆ, ಬೇಗ ಕಾಣುತ್ತದೆ. ಆದರೆ ಮುಚ್ಚಳ ಎಬ್ಬಿಸುವಾಗ ಕಣ್ಣನ್ನು ಉಂಗುರದಿಂದ ಬಿಗಿಯಾಗಿ ಹೀರಿ ಹಿಡಿಯಬೇಕು. ಆಗ ಕಣ್ಣಿನ ಒಳಗಿನ ಒತ್ತಡ ಬಹಳ ಏರುತ್ತದೆ. ಕಸಿಯ ಅಂಚು ಎಷ್ಟು ವರ್ಷವಾದರೂ ಮೊದಲಿನ ಗಟ್ಟಿತನಕ್ಕೆ ಬರುವುದಿಲ್ಲವಾದ್ದರಿಂದ ಇಲ್ಲಿ ಅಂಜಿಕೆ ಇದೆ. ಮುಚ್ಚಳ ಮಾಡಿದ್ದರಿಂದಲೇ ಬಾಗು ಬದಲಾಗುವುದೂ ಉಂಟು. ಎರಡನೆಯದು ಪಿಆರ್‌ಕೆ. ಮೇಲಿನ ಚರ್ಮದಂಥ ಪದರವನ್ನು ಕೆರೆದು ತೆಗೆದು ನೇರವಾಗಿ ಲೇಸರ್ ಹಾಯಿಸುವ ವಿಧಾನ. ಮುಚ್ಚಳವಿಲ್ಲ, ಒತ್ತಡವಿಲ್ಲ, ಆದರೆ ಮೂರು ನಾಲ್ಕು ದಿನ ಉರಿ, ಆಮೇಲೆ ಮಬ್ಬು ಕಟ್ಟುವ ಭಯ. ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಔಷಧಿಯಲ್ಲಿ ಅದ್ದಿದ ಸ್ಪಂಜನ್ನು ಕೆಲ ಹೊತ್ತು ಇಟ್ಟು ತೊಳೆಯುತ್ತಾರೆ. ಮೂಲತಃ ಅದು ಕ್ಯಾನ್ಸರ್ ಔಷಧಿ. ಕಸಿಯಾದ ಕಾರ್ನಿಯಾದಲ್ಲಿ ನರಗಳು ಕತ್ತರಿಸಿಹೋಗಿರುವುದರಿಂದ ಮೇಲ್ಪದರ ಮತ್ತೆ ಬೆಳೆಯಲು ತಡವಾಗುವುದೂ ಉಂಟು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಕಸಿ ಎಷ್ಟು ಹಳೆಯದಾದರೂ ದೇಹ ಅದನ್ನು ಪರಕೀಯವೆಂದು ಗುರುತಿಸಿ ತಿರಸ್ಕರಿಸುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಲೇಸರ್ ಚಿಕಿತ್ಸೆಯ ನಂತರ ಅದು ಕೆರಳಿದ ಉದಾಹರಣೆಗಳಿವೆ. ಆದ್ದರಿಂದ ಸ್ಟೀರಾಯ್ಡ್ ಹನಿಗಳನ್ನು ಹೇಳಿದಷ್ಟು ದಿನ ಹಾಕಲೇಬೇಕು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ನೋಟ ಮಸುಕಾದರೆ ಅಂದೇ ಬಸ್ಸು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಸಂತೆ ದಿನ ನೋಡಿದರಾಯಿತು, ಹಬ್ಬ ಕಳೆಯಲಿ ಎನ್ನುವ ಕೆಲಸವಲ್ಲ. ಬೇಗ ಔಷಧಿ ಬಿದ್ದರೆ ತಿರಸ್ಕಾರವನ್ನು ಬಹಳ ಸಲ ಹಿಂದಕ್ಕೆ ತಿರುಗಿಸಬಹುದು. ತಡವಾದರೆ ಕಸಿಯೇ ಮಂಜಾಗುತ್ತದೆ.

ಲೇಸರಿನಿಂದ ಎಷ್ಟು ಪ್ರಯೋಜನ ಎಂದು ಮೊದಲೇ ಅಂದಾಜು ಮಾಡಲು ಒಂದು ಸರಳ ಒರೆಗಲ್ಲು ಉಂಟು. ಪರೀಕ್ಷೆಯ ಚೌಕಟ್ಟಿನಲ್ಲಿ ಸರಿಯಾದ ಗಾಜು ಹಾಕಿದಾಗ ಎಷ್ಟನೆಯ ಸಾಲು ಓದುತ್ತಾರೋ, ಸುಮಾರಾಗಿ ಅಷ್ಟೇ ಲೇಸರಿನಿಂದಲೂ ದೊರಕೀತು. ಗಾಜು ಹಾಕಿದರೂ ಓದಲಾಗದಿದ್ದರೆ ತೊಂದರೆ ಪವರಿನದಲ್ಲ. ಕಲೆಯದ್ದೋ, ಅಕ್ಷಿಪಟಲದ್ದೋ, ಅಂಕುಡೊಂಕಾದ ಮೈಯದ್ದೋ ಆಗಿರುತ್ತದೆ. ಅಂಥವರಿಗೆ ಸಾಮಾನ್ಯ ಲೇಸರ್ ಹಣ ದಂಡ.

ಕಸಿಯಲ್ಲದೆ ಇನ್ನೊಂದು ಹಳೆಯ ಶಸ್ತ್ರಚಿಕಿತ್ಸೆಯವರೂ ಇದೇ ಪ್ರಶ್ನೆ ಹೊತ್ತು ಬರುತ್ತಾರೆ. ಲೇಸರ್ ಬರುವ ಮೊದಲು, 1970 ಮತ್ತು 80ರ ದಶಕಗಳಲ್ಲಿ, ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಹೆಸರುವಾಸಿ ಮಾಡಿದ ವಿಧಾನವೊಂದಿತ್ತು. ಕಾರ್ನಿಯಾದ ಮೇಲೆ ಗಾಡಿ ಚಕ್ರದ ಅರೆಕಾಲುಗಳಂತೆ ಸುತ್ತ ಗೀರುಗಳನ್ನು ಕೊಯ್ದು ನಡುಭಾಗವನ್ನು ಚಪ್ಪಟೆ ಮಾಡುವುದು. ಅದಕ್ಕೂ ಮುಂಚೆ ಜಪಾನಿನ ಸಾಟೊ ಎಂಬ ವೈದ್ಯರು ಒಳಮೈಯಿಂದಲೂ ಗೀರು ಹಾಕಿದ್ದರು. ಒಳಪದರದ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ವರ್ಷಗಳು ಉರುಳಿದ ಮೇಲೆ ಆ ಕಣ್ಣುಗಳಲ್ಲಿ ಬಹಳಷ್ಟು ಊದಿ ಮಬ್ಬಾದವು.

ಗೀರಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಒಂದೋ ಎರಡೋ ಮೈನಸ್ ಉಳಿದಿದ್ದರೆ ಅದನ್ನು ಲೇಸರಿನಿಂದ ತೆಗೆಯಬಹುದು. ಆದರೆ ಇಲ್ಲಿ ಒಂದು ತಿರುವಿದೆ. ಅಮೆರಿಕದ ದೊಡ್ಡ ಅಧ್ಯಯನವೊಂದರ ಹತ್ತು ವರ್ಷದ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ನೂರಕ್ಕೆ 43 ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ತಾವಾಗಿಯೇ ಸರಿದಿದ್ದವು. ಅಂದರೆ ಇವತ್ತಿನ ಮೈನಸ್ ಒಂದನ್ನು ಅವಸರದಿಂದ ಅಳಿಸಿದರೆ ನಾಳೆ ಆತ ಪ್ಲಸ್ಸಿಗೆ ಹೋಗಿಬಿಡಬಹುದು. ಅದೂ ಅಲ್ಲದೆ ನಲವತ್ತು ದಾಟಿದವರಿಗೆ ಓದುವುದಕ್ಕೆ ತುಸು ಮೈನಸ್ಸು ಅನುಕೂಲವೇ. ಬೆಳಿಗ್ಗೆ ಒಂದು ಪವರ್, ಸಂಜೆ ಒಂದು ಪವರ್ ಇರುವ ಕಣ್ಣುಗಳೂ ಇವು. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಇಂಥ ಗೀರು ಹಾಕಿಸಿಕೊಂಡಿದ್ದವರು. ಎತ್ತರದಲ್ಲಿ ಆಮ್ಲಜನಕ ಇಳಿದಂತೆ ಅವರ ಕಾರ್ನಿಯಾದ ಆಕಾರವೇ ಬದಲಾಗಿ ಕಣ್ಣು ಮಂಜಾಯಿತು. ಮುಂದೆ ಹೋಗಲಾಗದೆ ನಿಂತವರು ಆ ದಿನದ ಹಿಮಬಿರುಗಾಳಿಗೆ ಸಿಕ್ಕಿಬಿದ್ದರು. ಬದುಕಿ ಬಂದರಾದರೂ ಕೈಗಳನ್ನು ಕಳೆದುಕೊಂಡರು.

ತಂದೆತಾಯಿಗಳು ಗಮನಿಸಬೇಕಾದದ್ದು ಇದಕ್ಕೂ ಮೊದಲಿನ ಹಂತವನ್ನು. ಮಗು ಸದಾ ಕಣ್ಣು ಉಜ್ಜಿಕೊಳ್ಳುತ್ತಿದ್ದರೆ ಅದು ಕೆಟ್ಟ ಚಾಳಿ ಎಂದು ಗದರಿಸಿ ಸುಮ್ಮನಾಗಬಾರದು. ಅಲರ್ಜಿಯ ತುರಿಕೆಗೆ ಔಷಧಿ ಹಾಕಿಸಬೇಕು. ಬಲವಾಗಿ ಉಜ್ಜುವುದಕ್ಕೂ ಕೆರಟೊಕೋನಸ್‌ಗೂ ನಂಟಿದೆ. ಆರಾರು ತಿಂಗಳಿಗೆ ಪವರ್ ಬದಲಾಗುತ್ತ, ಅದರಲ್ಲೂ ಸಿಲಿಂಡರ್ ಏರುತ್ತ ಹೋದರೆ ಕಾರ್ನಿಯಾದ ನಕ್ಷೆ ತೆಗೆಸಬೇಕು. ಮೊದಲೇ ಗೊತ್ತಾದರೆ ಬಿ2 ಜೀವಸತ್ವದ ಹನಿ ಹಾಕಿ ಅತಿನೇರಳೆ ಬೆಳಕು ಬೀರಿ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಇದೆ. ಕಾಯಿಲೆಯನ್ನು ಅಲ್ಲಿಗೇ ನಿಲ್ಲಿಸಿದರೆ ಕಸಿಯವರೆಗೆ ಹೋಗುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. ಇಂಥ ಕಣ್ಣಿನ ಗುರುತು ಹಿಡಿಯದೆ ಕನ್ನಡಕ ಬೇಡವೆಂದು ಲಾಸಿಕ್ ಮಾಡಿಸಿದರೆ, ತೆಳುವಾದದ್ದು ಇನ್ನೂ ತೆಳುವಾಗಿ ಉಬ್ಬುತ್ತದೆ. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯದೆ ಒಂದು ಕಡೆ ಇಟ್ಟುಕೊಂಡು ಪ್ರತಿ ಸಲವೂ ವೈದ್ಯರಿಗೆ ತೋರಿಸುವುದು ಖರ್ಚಿಲ್ಲದ ಸಹಾಯ.

ಲೇಸರ್ ಮಾಡಿಸಿಕೊಂಡವರು ಮುಂದೆ ನೇತ್ರದಾನ ಮಾಡಬಹುದೇ ಎಂದು ಕಾಲೇಜು ಹುಡುಗರು ಕೇಳುವುದುಂಟು. ಮಾಡಬಹುದು. ಕೊರೆದು ಬಾಗು ಬದಲಿಸಿದ ಮುಂಭಾಗವನ್ನು ಇನ್ನೊಬ್ಬರಿಗೆ ಹಾಕುವುದಿಲ್ಲ. ಆದರೆ ಹಿಂಪದರ ಲೇಸರಿಗೆ ಸಿಕ್ಕಿರುವುದಿಲ್ಲ. ಅದರ ಕೋಶಗಳು ಚೆನ್ನಾಗಿದ್ದರೆ ಒಳಪದರ ಕೆಟ್ಟ ಮತ್ತೊಬ್ಬರ ಕಣ್ಣಿಗೆ ಅದನ್ನು ಬಳಸುತ್ತಾರೆ. ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಸಾವಿನ ನಂತರ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ಸುದ್ದಿ ಮುಟ್ಟಿ ಕಣ್ಣು ತೆಗೆಯುವಂತಾಗಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಿರಬೇಕು.